ಹಾರ್ಮೋನ್ ಮಾತ್ರೆ ಬರೆಯುವ ಮುಂಚೆ ದಮ್ಮಿನ ಬಗ್ಗೆ ಒಮ್ಮೆ ಕೇಳಿ

ರಾಜ್ಯದ ಆರೋಗ್ಯ ಆಯುಕ್ತರಿಗೆ, ಸ್ತ್ರೀರೋಗ ತಜ್ಞರಿಗೆ ಮತ್ತು ಶ್ವಾಸಕೋಶ ತಜ್ಞರಿಗೆ,

ನಮಸ್ಕಾರ.

ನಾನು ದಾವಣಗೆರೆಯಲ್ಲಿ ಔಷಧಿ ಅಂಗಡಿ ನಡೆಸುವ ಫಾರ್ಮಸಿಸ್ಟ್. ಡಾಕ್ಟರಲ್ಲ. ರೋಗಿಯನ್ನು ನೋಡಿ ಮದ್ದು ಬರೆಯುವ ಅಧಿಕಾರ ನನಗಿಲ್ಲ, ಅದರ ಆಸೆಯೂ ಇಲ್ಲ. ಆದರೆ ನೀವು ಬರೆದ ಚೀಟಿಗಳೆಲ್ಲ ಕೊನೆಗೆ ಬಂದು ಸೇರುವುದು ನಮ್ಮಂಥವರ ಕೌಂಟರ್‌ಗೆ. ನಿಮ್ಮಲ್ಲಿ ಒಬ್ಬರು ಬರೆದದ್ದು ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ನಮಗೆ ಎರಡೂ ಕಾಣುತ್ತವೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕೇಳುತ್ತಿರುವುದು ಸಣ್ಣದು. ಮುಟ್ಟು ನಿಂತ ಹೆಂಗಸಿಗೆ ಹಾರ್ಮೋನ್ ಶುರು ಮಾಡುವ ಮುಂಚೆ ‘ದಮ್ಮು, ಉಬ್ಬಸ, ಅಲರ್ಜಿ ಏನಾದರೂ ಇದೆಯಾ’ ಎಂದು ಕೇಳಿ. ಉತ್ತರವನ್ನು ಚೀಟಿಯಲ್ಲೇ ಬರೆಯಿರಿ. ಹಾಗೆಯೇ ನಲವತ್ತೈದರ ಆಚೀಚೆ ಹೊಸದಾಗಿ ಉಬ್ಬಸ ಹತ್ತಿಸಿಕೊಂಡ ಹೆಂಗಸು ನಿಮ್ಮೆದುರು ಕೂತರೆ ‘ಹಾರ್ಮೋನ್ ಮಾತ್ರೆ ತಗೊಳ್ತಿದ್ದೀರಾ, ಯಾವಾಗಿಂದ’ ಎಂದು ಕೇಳಿ. ಇಷ್ಟೇ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆ ಬೇಡ, ಉದ್ಘಾಟನೆಗೆ ರಿಬ್ಬನ್ ಕೂಡ ಬೇಡ.

ಯಾಕೆ ಕೇಳುತ್ತಿದ್ದೇನೆ ಅಂತ ವಿವರವಾಗಿ ಹೇಳುತ್ತೇನೆ.

ನಮ್ಮ ಅಂಗಡಿಗೆ ಬರುವ ಐವತ್ತರ ಆಸುಪಾಸಿನ ಹೆಂಗಸರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ನಾಲ್ಕಾರು ಮಡಿಕೆಯ ಚೀಟಿಗಳು, ಖಾಲಿ ಸ್ಟ್ರಿಪ್‌ಗಳು, ಹಳೆಯ ರಕ್ತಪರೀಕ್ಷೆಯ ರಿಪೋರ್ಟು. ಒಬ್ಬರು ಈ ಕವರನ್ನು ಕೌಂಟರ್ ಮೇಲೆ ಸುರಿದಾಗ ಒಂದು ಚೀಟಿಯಲ್ಲಿ ಪ್ರೊಜಿನೋವಾ ಇತ್ತು, ಅಂದರೆ ಈಸ್ಟ್ರೋಜನ್. ಬರೆದವರು ಸ್ತ್ರೀರೋಗ ತಜ್ಞರು. ಇನ್ನೊಂದು ಚೀಟಿ ಬೇರೆ ಆಸ್ಪತ್ರೆಯದು, ನಾಲ್ಕು ತಿಂಗಳು ಆಮೇಲಿನ ದಿನಾಂಕ. ಅದರಲ್ಲಿ ಫೋರಾಕಾರ್ಟ್ ಪಂಪು, ಅಂದರೆ ಉಬ್ಬಸಕ್ಕೆ ಎಳೆದುಕೊಳ್ಳುವ ಇನ್‌ಹೇಲರ್, ಜೊತೆಗೆ ಐದು ದಿನಕ್ಕೆ ವೈಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ. ಮೊದಲ ಚೀಟಿಯಲ್ಲಿ ಉಸಿರಾಟದ ಬಗ್ಗೆ ಒಂದಕ್ಷರ ಇಲ್ಲ. ಎರಡನೆಯದರಲ್ಲಿ ‘ಬೇರೆ ಔಷಧಿ’ ಅನ್ನುವ ಜಾಗ ಖಾಲಿ ಬಿಟ್ಟಿತ್ತು. ‘ಮೊದಲಿಂದ ದಮ್ಮು ಇತ್ತಾ’ ಎಂದು ಕೇಳಿದೆ. ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ಬರುತ್ತಿತ್ತು, ಮದುವೆ ಆದಮೇಲೆ ಹೋಯಿತು ಅಂದರು. ‘ಡಾಕ್ಟರಿಗೆ ಹೇಳಿದ್ರಾ’ ಅಂದೆ. ‘ಅವರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಅದು ಮುಟ್ಟಿನ ಡಾಕ್ಟರ್ ಹತ್ರ ಹೇಳೋ ವಿಷ್ಯಾನಾ?’ ಅಂತ ನನ್ನನ್ನೇ ಕೇಳಿದರು.

ಅವರ ಉಬ್ಬಸ ಆ ಮಾತ್ರೆಯಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವೂ ಇಲ್ಲ. ಅದು ವಯಸ್ಸಿಗೆ ಬಂದದ್ದಿರಬಹುದು, ತೂಕ ಜಾಸ್ತಿ ಆಗಿ ಬಂದದ್ದಿರಬಹುದು, ಎದುರು ಮನೆ ಕಟ್ಟುವಾಗ ಎದ್ದ ಸಿಮೆಂಟಿನ ಧೂಳಿನಿಂದಲೂ ಇರಬಹುದು. ಆದರೆ ಆ ಎರಡು ಚೀಟಿ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಬಂದದ್ದು ಔಷಧಿ ಅಂಗಡಿಯಲ್ಲಿ. ಅಲ್ಲಿ ಬರಬೇಕಾದ್ದಲ್ಲ, ಅಲ್ವಾ?

ಹೆಣ್ಣಿನ ಹಾರ್ಮೋನಿಗೂ ಅಸ್ತಮಾಕ್ಕೂ ನಂಟು ಇರುವುದು ಹೊಸ ಸಂಗತಿಯೇನಲ್ಲ. ಚಿಕ್ಕಂದಿನಲ್ಲಿ ಅಸ್ತಮಾ ಹುಡುಗರಿಗೆ ಜಾಸ್ತಿ. ಮೈನೆರೆಯುವ ವಯಸ್ಸು ದಾಟುತ್ತಿದ್ದ ಹಾಗೆ ಲೆಕ್ಕ ಉಲ್ಟಾ ಆಗುತ್ತದೆ. ದೊಡ್ಡವರಲ್ಲಿ ಗಂಡಸರಿಗಿಂತ ಹೆಂಗಸರಿಗೇ ಅಸ್ತಮಾ ಜಾಸ್ತಿ, ಅದು ಜೋರಾಗಿ ಬರುವುದೂ ಆಸ್ಪತ್ರೆ ಸೇರಬೇಕಾಗುವುದೂ ಅವರಿಗೇ ಜಾಸ್ತಿ. ಅಸ್ತಮಾ ಇರುವ ಹೆಂಗಸರಲ್ಲಿ ಶೇ 20ರಿಂದ 40ರಷ್ಟು ಜನಕ್ಕೆ ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಉಬ್ಬಸ ಏರುತ್ತದೆ. ಬಸುರಿಯಾದಾಗ ಸುಮಾರು ಮೂರನೇ ಒಂದು ಪಾಲು ಹೆಂಗಸರಿಗೆ ಜಾಸ್ತಿ ಆಗುತ್ತದೆ, ಇನ್ನೊಂದು ಪಾಲಿಗೆ ಕಮ್ಮಿ ಆಗುತ್ತದೆ, ಉಳಿದವರಿಗೆ ಇದ್ದ ಹಾಗೇ ಇರುತ್ತದೆ. ಇದನ್ನೆಲ್ಲ ನಿಮಗೆ ಹೇಳಿಕೊಡುವ ಧಾರ್ಷ್ಟ್ಯ ನನಗಿಲ್ಲ. ಈ ಪತ್ರವನ್ನು ಬೇರೆ ಓದುಗರೂ ಓದುತ್ತಾರೆ ಅಂತ ಬರೆದೆ.

ಒಳಗೆ ನಡೆಯುವ ಕೆಲಸ ಇನ್ನೂ ಗೋಜಲು. ಈಸ್ಟ್ರೋಜನ್ ಅಲರ್ಜಿಯ ಕಡೆಗೆ ವಾಲುವ ರಕ್ಷಣಾ ಕೋಶಗಳನ್ನು ಹುರಿದುಂಬಿಸುತ್ತದೆ. ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳಿಂದ, ಅಲರ್ಜಿ ಎಬ್ಬಿಸುವ ಹಿಸ್ಟಮಿನ್ ಸುಲಭವಾಗಿ ಹೊರಬೀಳುವಂತೆ ಮಾಡುತ್ತದೆ. ಅದೇ ಈಸ್ಟ್ರೋಜನ್ ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಸಡಿಲವೂ ಮಾಡಬಲ್ಲದು. ಪ್ರೊಜೆಸ್ಟರಾನ್ ಕೂಡ ಹೀಗೇ ಎರಡೂ ಕಡೆ. ಸ್ನಾಯುವನ್ನು ಸಡಿಲಿಸುತ್ತದೆ, ಆದರೆ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳ ಬಡಿತವನ್ನು ನಿಧಾನ ಮಾಡುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಗಂಡಸರ ಟೆಸ್ಟೋಸ್ಟೆರಾನ್ ಮಾತ್ರ ಈ ಅಲರ್ಜಿ ಕೋಶಗಳನ್ನು ಬಹುಮಟ್ಟಿಗೆ ಹದ್ದುಬಸ್ತಿನಲ್ಲಿ ಇಡುತ್ತದೆ. ಹಾಗಾಗಿ ‘ಹಾರ್ಮೋನ್ ಒಳ್ಳೆಯದಾ ಕೆಟ್ಟದ್ದಾ’ ಅಂತ ಒಂದೇ ಮಾತಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರಿಗೆ, ಎಷ್ಟು, ಯಾವ ವಯಸ್ಸಲ್ಲಿ, ಮಟ್ಟ ಒಂದೇ ಸಮ ಇದೆಯಾ ಅಥವಾ ಏರಿಳಿಯುತ್ತಿದೆಯಾ ಅಂತ ಕೇಳಬೇಕು.

ದೊಡ್ಡ ದೊಡ್ಡ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಅಂಗಡಿಗೆ ಬರುವ ಓದಿದ ಹೆಂಗಸರು ಮೊಬೈಲ್‌ನಲ್ಲಿ ಇದರಲ್ಲಿ ಒಂದನ್ನೇ ಓದಿಕೊಂಡು ಬಂದಿರುತ್ತಾರೆ.

ಅಮೆರಿಕದಲ್ಲಿ 1976ರಲ್ಲಿ ಶುರುವಾದ ‘ನರ್ಸಸ್ ಹೆಲ್ತ್ ಸ್ಟಡಿ’ ಲಕ್ಷಕ್ಕೂ ಜಾಸ್ತಿ ನರ್ಸ್‌ಗಳನ್ನು ದಶಕಗಟ್ಟಲೆ ಹಿಂಬಾಲಿಸಿತು. 1995ರಲ್ಲಿ ಅದರಿಂದ ಬಂದ ವರದಿ ಹೇಳಿದ್ದು ಹೀಗೆ. ಮುಟ್ಟು ನಿಂತು ಹಾರ್ಮೋನನ್ನೇ ಮುಟ್ಟದ ಹೆಂಗಸರಿಗೆ ಹೊಸದಾಗಿ ಅಸ್ತಮಾ ಬರುವ ಸಂಭವ ಕಮ್ಮಿ. ಹಾರ್ಮೋನ್ ತಗೊಂಡವರಿಗೆ ಅವರಿಗಿಂತ ಸುಮಾರು ಒಂದೂವರೆ ಪಟ್ಟು, ಹತ್ತು ವರ್ಷ ಮೀರಿ ತಗೊಂಡವರಿಗೆ ಎರಡು ಪಟ್ಟು. 2004ರಲ್ಲಿ ಅದೇ ನರ್ಸ್‌ಗಳ ಮೇಲೆ ಇನ್ನೊಂದು ವರದಿ ಬಂತು. ಆಗ ಈಸ್ಟ್ರೋಜನ್ ತಗೊಳ್ಳುತ್ತಿದ್ದವರಲ್ಲಿ ಸಂಭವ ಎರಡು ಪಟ್ಟಿಗಿಂತಲೂ ಜಾಸ್ತಿ ಕಂಡಿತು.

ಇದಕ್ಕೆ ಯಾರಾದರೂ ಒಂದು ತಕರಾರು ತೆಗೆಯಬಹುದು. ಹಾರ್ಮೋನ್ ತಗೊಳ್ಳುವವಳು ಪದೇ ಪದೇ ಡಾಕ್ಟರ ಹತ್ತಿರ ಹೋಗುತ್ತಾಳೆ, ಹೋದಾಗ ಉಬ್ಬಸವೂ ಪತ್ತೆಯಾಗುತ್ತದೆ, ಅಷ್ಟೇ ಅಂತ. ಒಳ್ಳೆಯ ತಕರಾರು. ಆದರೆ 2004ರ ಆ ವರದಿಯಲ್ಲೇ ಅದಕ್ಕೆ ಅರ್ಧ ಉತ್ತರ ಇದೆ. ಅದೇ ಹೆಂಗಸರಲ್ಲಿ ಸಿಒಪಿಡಿ, ಅಂದರೆ ಹೊಗೆಯಂಥದ್ದರಿಂದ ಶ್ವಾಸಕೋಶ ಹಾಳಾಗುವ ದೀರ್ಘಕಾಲದ ಕಾಯಿಲೆ, ಜಾಸ್ತಿ ಆಗಿರಲಿಲ್ಲ. ಬರೀ ಡಾಕ್ಟರ ಭೇಟಿಯಿಂದ ಪತ್ತೆ ಹೆಚ್ಚಿದ್ದರೆ ಸಿಒಪಿಡಿಯೂ ಹೆಚ್ಚಬೇಕಿತ್ತು.

ಫ್ರಾನ್ಸ್‌ನಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿದ ಹೆಂಗಸರನ್ನು ಸುಮಾರು ಹನ್ನೆರಡು ವರ್ಷ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈಸ್ಟ್ರೋಜನ್ ಒಂದನ್ನೇ ತಗೊಂಡವರಲ್ಲಿ ಅಪಾಯ ಸುಮಾರು ಒಂದೂವರೆ ಪಟ್ಟು. ಸಿಗರೇಟು ಸೇದದವರಲ್ಲಿ, ಮೊದಲೇ ಅಲರ್ಜಿ ಇದ್ದವರಲ್ಲಿ ಇನ್ನೂ ಜಾಸ್ತಿ. ಡೆನ್ಮಾರ್ಕ್‌ನವರು ದೇಶದ ಔಷಧಿ ದಾಖಲೆಗಳನ್ನೇ ಜಾಲಾಡಿ 2021ರಲ್ಲಿ ಹೇಳಿದ್ದು, ಹಾರ್ಮೋನ್ ತಗೊಳ್ಳುತ್ತಿರುವವರಲ್ಲಿ ಹೊಸ ಅಸ್ತಮಾದ ಸಂಭವ ಶೇ 63ರಷ್ಟು ಜಾಸ್ತಿ. ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಾರ್ಮೋನ್ ಬಿಟ್ಟ ಹೆಂಗಸರು ಆಮೇಲೆ ಅಸ್ತಮಾದ ಔಷಧಿಯನ್ನೂ ಬಿಡುವ ಸಂಭವ ಸುಮಾರು ಎರಡು ಪಟ್ಟು ಇತ್ತು. ನನ್ನಂಥ ಅಂಗಡಿಯವಳಿಗೆ ಇದು ಬೇಗ ತಲೆಗೆ ಹೋಗುವ ಮಾತು. ಪಂಪು ಕೊಳ್ಳಲು ಬರುತ್ತಿದ್ದವರು ಬರುವುದು ನಿಲ್ಲಿಸಿದರು ಅಂತ ಅರ್ಥ.

ಇಲ್ಲಿಗೆ ನಿಲ್ಲಿಸಿದರೆ ತೀರ್ಪು ಸುಲಭ. ಆದರೆ ಅದೇ 2021ರಲ್ಲಿ ಬ್ರಿಟನ್‌ನಿಂದ ತದ್ವಿರುದ್ಧ ವರದಿ ಬಂತು. ಮೂರೂವರೆ ಲಕ್ಷ ಹೆಂಗಸರು, ಹದಿನೇಳು ವರ್ಷದ ದಾಖಲೆ. ಹಾರ್ಮೋನ್ ತಗೊಂಡವರಲ್ಲಿ ಹೊಸ ಅಸ್ತಮಾ ಶೇ 20ರಷ್ಟು ಕಮ್ಮಿ! ಈಸ್ಟ್ರೋಜನ್ ಒಂದೇ ಇದ್ದರೂ ಕಮ್ಮಿ, ಪ್ರೊಜೆಸ್ಟರಾನ್ ಜೊತೆಗಿದ್ದರೂ ಕಮ್ಮಿ.

ಯಾರನ್ನು ನಂಬುವುದು? ನನ್ನ ಅಭಿಪ್ರಾಯ ಕೇಳಿದರೆ ಇಬ್ಬರನ್ನೂ ಅರ್ಧರ್ಧ. ಇವು ಯಾವುವೂ ಚೀಟಿ ಎತ್ತಿ ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಹುಸಿಮಾತ್ರೆ ಕೊಟ್ಟು ನೋಡಿದ ಪರೀಕ್ಷೆಗಳಲ್ಲ. ಯಾರಿಗೆ ಹಾರ್ಮೋನ್ ಸಿಕ್ಕಿತು ಅನ್ನುವುದನ್ನು ಡಾಕ್ಟರೇ ತೀರ್ಮಾನಿಸಿದ್ದು. ಒಂದು ದೇಶದಲ್ಲಿ ಆರೋಗ್ಯವಾಗಿ, ಓದಿಕೊಂಡು, ನಡೆದಾಡಿಕೊಂಡು ಇರುವವರಿಗೆ ಜಾಸ್ತಿ ಬರೆದರೆ ಹಾರ್ಮೋನ್ ಒಳ್ಳೆಯದಾಗಿ ಕಾಣುತ್ತದೆ. ಇನ್ನೊಂದು ಕಡೆ ಮೈಕೈ ಸರಿಯಿಲ್ಲದವರಿಗೆ ಜಾಸ್ತಿ ಬರೆದರೆ ಕೆಟ್ಟದ್ದಾಗಿ ಕಾಣುತ್ತದೆ. ಕಾಲವೂ ಬೇರೆ. 2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಪರೀಕ್ಷೆಯ ಒಂದು ಭಾಗವನ್ನು ಸ್ತನ ಕ್ಯಾನ್ಸರ್ ಮತ್ತು ಹೃದಯದ ಭಯದಿಂದ ಅರ್ಧದಲ್ಲೇ ನಿಲ್ಲಿಸಿದ ಮೇಲೆ ಜಗತ್ತಿನಾದ್ಯಂತ ಹಾರ್ಮೋನ್ ಬರೆಯುವುದೇ ಬಿದ್ದುಹೋಯಿತು. ಅದಕ್ಕೆ ಮುಂಚೆ ತಗೊಂಡವರೂ ಆಮೇಲೆ ತಗೊಂಡವರೂ ಒಂದೇ ಥರದ ಜನ ಅಲ್ಲ. ಈಗ ಗಾಳಿ ಮತ್ತೆ ತಿರುಗಿದೆ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಮಾತ್ರೆಗಳ ಮಾಹಿತಿ ಪತ್ರದಲ್ಲಿನ ಕಪ್ಪು ಚೌಕದ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಸುವುದಾಗಿ ಹೇಳಿತು. ಅಂದರೆ ಮುಂದೆ ಇನ್ನೂ ಜಾಸ್ತಿ ಹೆಂಗಸರು ಹಾರ್ಮೋನ್ ತಗೊಳ್ಳುತ್ತಾರೆ. ನಮ್ಮಲ್ಲೂ.

ಶೇಕಡಾ ಲೆಕ್ಕ ಕೇಳಿ ಹೆದರುವವರಿಗೆ ಒಂದು ಮಾತು. ಈ ವಯಸ್ಸಿನ ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಒಬ್ಬರಿಗೆ ಹೊಸದಾಗಿ ಅಸ್ತಮಾ ಪತ್ತೆಯಾಗುತ್ತದೆ ಅಂತಿಟ್ಟುಕೊಳ್ಳಿ. ಫ್ರಾನ್ಸ್‌ನ ಅಧ್ಯಯನದಲ್ಲಿ ಹೆಚ್ಚುಕಮ್ಮಿ ಹಾಗೇ ಇತ್ತು. ಡೆನ್ಮಾರ್ಕ್‌ನ ಲೆಕ್ಕವೇ ನಿಜ ಅಂದುಕೊಂಡರೂ ಆ ಒಬ್ಬರು ಇಬ್ಬರೂ ಆಗುವುದಿಲ್ಲ. ಬೆವರಿ ಬೆವರಿ ನಿದ್ದೆಯಿಲ್ಲದೆ, ಸಿಡಿಮಿಡಿಗೊಂಡು, ಕೆಲಸಕ್ಕೆ ಹೋಗಲಾಗದೆ ಒದ್ದಾಡುವ ಹೆಂಗಸಿಗೆ ‘ದಮ್ಮು ಬರುತ್ತೆ’ ಅಂತ ಹೆದರಿಸಿ ಹಾರ್ಮೋನ್ ತಪ್ಪಿಸುವುದು ತಪ್ಪು. ನನ್ನ ಪತ್ರವನ್ನು ಹಾಗೆ ಯಾರೂ ಬಳಸಿಕೊಳ್ಳಬಾರದು. ಆದರೆ ಆ ಹೆಂಗಸಿಗೆ ಮೊದಲೇ ಅಲರ್ಜಿ ಇದ್ದರೆ, ಚಿಕ್ಕಂದಿನಲ್ಲಿ ಉಬ್ಬಸ ಇದ್ದಿದ್ದರೆ, ಅವಳ ಲೆಕ್ಕ ಸಾವಿರದಲ್ಲಿ ಒಬ್ಬಳ ಲೆಕ್ಕ ಅಲ್ಲ. ಅದನ್ನು ತಿಳಿಯಲು ಇರುವ ದಾರಿ ಕೇಳುವುದು ಮಾತ್ರ.

ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಐಸ್‌ಲ್ಯಾಂಡ್, ಎಸ್ಟೋನಿಯಾ ಸೇರಿ ಮಾಡಿದ ಒಂದು ಸಮೀಕ್ಷೆ 2006ರಲ್ಲಿ ಬಂದಿತ್ತು. ಹಾರ್ಮೋನಿಗೂ ಅಸ್ತಮಾಕ್ಕೂ ಇರುವ ನಂಟು ತೆಳ್ಳಗಿನ ಹೆಂಗಸರಲ್ಲಿ ಜಾಸ್ತಿ ಕಂಡಿತು ಅನ್ನುತ್ತದೆ ಅದು. ದಪ್ಪಗಿರುವವರ ಕೊಬ್ಬೇ ಒಂದಿಷ್ಟು ಈಸ್ಟ್ರೋಜನ್ ತಯಾರಿಸುತ್ತದೆ, ಹೊರಗಿಂದ ಬಂದದ್ದು ಅವರಿಗೆ ದೊಡ್ಡ ವ್ಯತ್ಯಾಸ ಮಾಡದಿರಬಹುದು. ನಮ್ಮ ಹಳ್ಳಿಗಳಲ್ಲಿ ತೆಳ್ಳಗಿನ, ಕೂಲಿ ಮಾಡುವ, ಜೀವಮಾನವಿಡೀ ಸೌದೆ ಒಲೆಯ ಹೊಗೆ ಕುಡಿದ ಹೆಂಗಸರು ಎಷ್ಟು ಮಂದಿ ಇದ್ದಾರೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ಅಧ್ಯಯನಗಳೆಲ್ಲ ನಡೆದದ್ದು ಮುಟ್ಟು ಸುಮಾರು 51ಕ್ಕೆ ನಿಲ್ಲುವ ದೇಶಗಳಲ್ಲಿ. ನಮ್ಮಲ್ಲಿ ಅದು ಸರಾಸರಿ 46–47ಕ್ಕೇ ನಿಲ್ಲುತ್ತದೆ. ಅಂದರೆ ನಮ್ಮ ಹೆಂಗಸರಿಗೆ ಈ ಪ್ರಶ್ನೆ ನಾಲ್ಕೈದು ವರ್ಷ ಮೊದಲೇ ಎದುರಾಗುತ್ತದೆ.

ಇನ್ನೂ ಎಷ್ಟೋ ಮೊದಲು ಎದುರಾಗುವವರಿದ್ದಾರೆ. ಗರ್ಭಚೀಲ ತೆಗೆಸಿಕೊಂಡವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 3ಕ್ಕೂ ಸ್ವಲ್ಪ ಜಾಸ್ತಿ ಮಂದಿಗೆ ಈ ಆಪರೇಷನ್ ಆಗಿದೆ. ಅವರಲ್ಲಿ ಸುಮಾರು ಅರ್ಧ ಜನಕ್ಕೆ ಮೂವತ್ತೈದರ ಒಳಗೇ ಆಗಿದೆ. ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ. ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರು ತಮಗೆ ಬೇಡದ ಆಪರೇಷನ್ ಮಾಡಿಬಿಟ್ಟರೆಂದು 2015ರ ಹೊತ್ತಿಗೆ ಬೀದಿಗಿಳಿದದ್ದು ನೆನಪಿರಬೇಕು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲಾ ರಾಜ್ಯಗಳೂ ಜಾರಿಗೆ ತರಬೇಕು ಅಂತ ಹೇಳಿತು.

ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದುಬಿಟ್ಟರೆ ಹಾರ್ಮೋನ್ ಒಂದೇ ದಿನದಲ್ಲಿ ಪಾತಾಳಕ್ಕೆ ಬೀಳುತ್ತದೆ. ಮೂವತ್ತೈದರ ಹೆಂಗಸಿಗೆ ಅರವತ್ತರ ಮೂಳೆ. ಅಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಬೇಕು, ಬೇರೆ ಅಡ್ಡಿ ಇಲ್ಲದಿದ್ದರೆ. ಮೂಳೆಗೂ ಹೃದಯಕ್ಕೂ ಬೇಕು. ಇಲ್ಲಿ ಒಂದು ವಿಷಯ ಗಮನಿಸಿ. ಗರ್ಭಚೀಲ ಇದ್ದವರಿಗೆ ಅದರ ಒಳಪದರದ ಕ್ಯಾನ್ಸರ್ ತಪ್ಪಿಸಲು ಪ್ರೊಜೆಸ್ಟರಾನ್ ಸೇರಿಸಿಯೇ ಕೊಡಬೇಕು. ಗರ್ಭಚೀಲ ಇಲ್ಲದವರಿಗೆ ಈಸ್ಟ್ರೋಜನ್ ಒಂದೇ ಸಾಕು. ಫ್ರಾನ್ಸ್‌ನ ಲೆಕ್ಕದಲ್ಲಿ ಉಬ್ಬಸದ ಮಾತು ಗಟ್ಟಿಯಾಗಿ ಕಂಡದ್ದೂ ಈಸ್ಟ್ರೋಜನ್ ಒಂದೇ ತಗೊಂಡವರಲ್ಲಿ. ಆ ಫ್ರೆಂಚ್ ಹೆಂಗಸರ ಲೆಕ್ಕವನ್ನು ತಾಂಡಾದ ಮೂವತ್ತೈದರವಳಿಗೆ ಹಾಗೇ ಹಚ್ಚಲು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಅವಳಿಗೆ ಕೊಡುವಾಗ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು ಇರಲಿ.

ಈಗ ಶ್ವಾಸಕೋಶ ತಜ್ಞರಿಗೆ. ನಿಮ್ಮ ಚೀಟಿಯಲ್ಲಿ ವೈಸೊಲೋನ್ ನೋಡಿದಾಗೆಲ್ಲ ನನಗೆ ಆ ಹೆಂಗಸಿನ ಬೆನ್ನುಮೂಳೆ ನೆನಪಾಗುತ್ತದೆ. ಪಂಪಿನ ಸ್ಟೀರಾಯ್ಡ್ ಬೇರೆ, ಅದು ಎದೆಗೆ ಹೋಗುವ ಸಣ್ಣ ಪ್ರಮಾಣ. ಮಾತ್ರೆಯ ಸ್ಟೀರಾಯ್ಡ್ ಪದೇ ಪದೇ ಬಿದ್ದರೆ ಮೂಳೆ ಟೊಳ್ಳಾಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಹೇಗೂ ಸವೆಯುತ್ತಿರುತ್ತದೆ. ಹಾಗಾಗಿ ಅಸ್ತಮಾ ಇರುವ ಈ ವಯಸ್ಸಿನ ಹೆಂಗಸಿಗೆ ಹಾರ್ಮೋನಿನಿಂದ ಲಾಭವೂ ಜಾಸ್ತಿ ಇರಬಹುದು. ಉಸಿರಿನ ಕಡೆಯಿಂದ ಅನುಮಾನ, ಮೂಳೆಯ ಕಡೆಯಿಂದ ಲಾಭ. ಇದನ್ನು ತೂಗಲು ನೀವಿಬ್ಬರೂ ಮಾತಾಡಬೇಕು. ಒಂದು ಫೋನ್ ಕರೆ ಸಾಕು. ಇನ್ನೊಂದು ಮಾತು. ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜನ್ ಜೊತೆಗಿದ್ದರೆ ಪ್ರೆಡ್ನಿಸೋಲೋನ್ (ವೈಸೊಲೋನ್‌ನಲ್ಲಿರುವ ಸ್ಟೀರಾಯ್ಡ್) ಮೈಯಿಂದ ಹೊರಹೋಗುವುದು ನಿಧಾನ ಆಗುತ್ತದೆ ಅಂತ ನಮ್ಮ ಪಠ್ಯದಲ್ಲೇ ಇದೆ. ‘ಬೇರೆ ಔಷಧಿ’ ಅನ್ನುವ ಜಾಗವನ್ನು ಖಾಲಿ ಬಿಡಬೇಡಿ ಅನ್ನಲು ಇದೊಂದೇ ಕಾರಣ ಸಾಲದೇ?

ರಾತ್ರಿ ಎಚ್ಚರ ಆಗುವ ಕಥೆಯೂ ಇದೆ. ‘ನಡುರಾತ್ರಿ ಮೂರು ಗಂಟೆಗೆ ಎದ್ದು ಕೂರ್ತೀನಿ, ಎದೆ ಢವಢವ ಅನ್ನುತ್ತೆ, ಉಸಿರು ಕಟ್ಟಿದ ಹಾಗಾಗುತ್ತೆ, ಕಿಟಕಿ ತೆಗೀಬೇಕು ಅನ್ಸುತ್ತೆ’ ಅಂತ ಎಷ್ಟೋ ಹೆಂಗಸರು ಹೇಳುತ್ತಾರೆ. ಇದು ಮುಟ್ಟು ನಿಲ್ಲುವ ಕಾಲದ ಝಳವೂ ಇರಬಹುದು, ಅಸ್ತಮಾವೂ ಇರಬಹುದು. ಅಸ್ತಮಾ ಜೋರಾಗುವುದೂ ಬೆಳಗಿನ ಜಾವದಲ್ಲೇ. ಝಳವಾದರೆ ಕುತ್ತಿಗೆ ಮುಖಕ್ಕೆ ಬಿಸಿ ಏರಿ, ಬೆವರಿ, ಕೆಲವೇ ನಿಮಿಷದಲ್ಲಿ ಇಳಿದು, ಆಮೇಲೆ ಚಳಿ ಹತ್ತುತ್ತದೆ. ಅಸ್ತಮಾ ಆದರೆ ಕೆಮ್ಮು ಬರುತ್ತದೆ, ಎದೆ ಬಿಗಿಯುತ್ತದೆ, ಉಸಿರು ಬಿಡುವಾಗ ಸುಂಯ್ ಅನ್ನುತ್ತದೆ, ಪಂಪು ಎಳೆದರೆ ಸ್ವಲ್ಪ ಹೊತ್ತಲ್ಲಿ ಹಗುರಾಗುತ್ತದೆ. ಕೆಲವರಿಗೆ ಎರಡೂ ಇರುತ್ತದೆ. ಎದೆನೋವು ಜೊತೆಗಿದ್ದರೆ ಹೃದಯವನ್ನೂ ನೋಡಬೇಕು. ಹಾರ್ಮೋನ್ ಮಾತ್ರೆ ತಗೊಳ್ಳುವವರಿಗೆ ಇದ್ದಕ್ಕಿದ್ದ ಹಾಗೆ ಉಸಿರು ಸಿಕ್ಕಿಕೊಂಡು ಒಂದು ಕಾಲು ಊದಿದ್ದರೆ ಅದು ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದದ್ದಿರಬಹುದು. ಆಗ ಪಂಪು ಹುಡುಕುತ್ತಾ ಕೂರದೆ ನೇರ ಆಸ್ಪತ್ರೆಗೆ ಓಡಬೇಕು. ಇದನ್ನೆಲ್ಲ ‘ಟೆನ್ಷನ್ ಮಾಡ್ಕೋಬೇಡಿ, ವಯಸ್ಸಾಯ್ತು’ ಅಂತ ಹೇಳಿ ಕಳಿಸುವುದು ಎಷ್ಟು ಸಾಮಾನ್ಯ ಅಂದರೆ, ಹೆಂಗಸರು ಹೇಳುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ.

ಹೇಳದಿದ್ದರೆ ಏನಾಗುತ್ತದೆ ಅಂತ ದೇಶದ ಅಂಕಿ ಹೇಳುತ್ತದೆ. ಭಾರತದಲ್ಲಿ ಸುಮಾರು ಮೂರೂವರೆ ಕೋಟಿ ಜನಕ್ಕೆ ಅಸ್ತಮಾ ಇದೆ, ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಎಂಟರಲ್ಲಿ ಒಬ್ಬರು. ಆದರೆ ಜಗತ್ತಿನಲ್ಲಿ ಅಸ್ತಮಾದಿಂದ ಸಾಯುವವರಲ್ಲಿ ಶೇ 40ಕ್ಕೂ ಜಾಸ್ತಿ ನಮ್ಮವರು. ಪಂಪು ಅಂದರೆ ಚಟ ಹತ್ತುತ್ತದೆ ಅನ್ನುವ ಭಯ. ಮಗಳ ಮದುವೆಗೆ ಅಡ್ಡಿ ಅನ್ನುವ ಮುಚ್ಚುಮರೆ. ಮೃಗಶಿರ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನು ನುಂಗಿ ಬರುವವರು ನಮ್ಮ ಕಡೆಯಿಂದಲೂ ಇದ್ದಾರೆ, ಅವರನ್ನು ಬೈದು ಪ್ರಯೋಜನವಿಲ್ಲ. ವರ್ಷಗಟ್ಟಲೆ ಉಸಿರನ್ನು ಸ್ವಲ್ಪ ಹೊತ್ತು ಮಾತ್ರ ಸಡಿಲಿಸುವ ನೀಲಿ ಬಣ್ಣದ ಆಸ್ತಾಲಿನ್ ಪಂಪು ಒಂದನ್ನೇ ಎಳೆದುಕೊಂಡು ಬದುಕುವವರನ್ನು ದಿನಾ ನೋಡುತ್ತೇನೆ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಪಂಪು ಜೊತೆಗಿರಲೇಬೇಕು ಅಂತ ಅಸ್ತಮಾದ ಜಾಗತಿಕ ಮಾರ್ಗಸೂಚಿ ‘ಜಿನಾ’ 2019ರಲ್ಲೇ ಹೇಳಿದೆ.

ಆಯುಕ್ತರೇ, ಈಗ ನಿಮ್ಮ ಕಡೆಯ ಕೆಲಸ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಹೋಗಿ ತುಂಬಿಸುವ ಸಿಬ್ಯಾಕ್ ಫಾರಂ ಇದೆಯಲ್ಲ, ಅದನ್ನು ಒಮ್ಮೆ ಎದುರಿಗಿಟ್ಟುಕೊಳ್ಳಿ. ಅದರಲ್ಲಿ ಉಸಿರು ಕಟ್ಟುತ್ತದೆಯಾ ಅಂತ ಒಂದು ಪ್ರಶ್ನೆ ಇದೆ. ಎರಡು ವಾರ ಮೀರಿದ ಕೆಮ್ಮು ಇದೆಯಾ ಅಂತ ಇದೆ. ಒಲೆಗೆ ಸೌದೆಯೋ, ಬೆರಣಿಯೋ, ಗ್ಯಾಸೋ ಅಂತ ಕೂಡ ಇದೆ. ಹೆಂಗಸರ ಭಾಗದಲ್ಲಿ ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತಿದೆಯಾ ಅಂತ ಕೇಳಿದ್ದಾರೆ. ಒಂದೇ ಹಾಳೆಯಲ್ಲಿ ಉಸಿರೂ ಇದೆ, ಮುಟ್ಟೂ ಇದೆ. ಒಳ್ಳೆಯ ಫಾರಂ, ಯೋಚನೆ ಮಾಡಿಯೇ ಮಾಡಿದ್ದಾರೆ. ಕೊರತೆ ಒಂದೇ ಸಾಲಿನದು. ಮುಟ್ಟು ಯಾವ ವಯಸ್ಸಿಗೆ ನಿಂತಿತು, ತಾನಾಗಿ ನಿಂತಿತೋ ಆಪರೇಷನ್‌ನಿಂದಲೋ, ಈಗ ಹಾರ್ಮೋನ್ ತಗೊಳ್ಳುತ್ತಿದ್ದೀರಾ? ಇಡೀ ದೇಶದ ಫಾರಂ ತಿದ್ದಲು ನಿಮಗೆ ಆಗದಿರಬಹುದು. ಆದರೆ 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ನಮ್ಮ ರಾಜ್ಯದ್ದೇ ಯೋಜನೆ. ಮನೆ ಬಾಗಿಲಿಗೆ ಹೋಗುವವರ ಕೈಗೆ ಒಂದು ಸಾಲು ಜಾಸ್ತಿ ಕೊಡಲು ದಿಲ್ಲಿಯ ಅಪ್ಪಣೆ ಬೇಕಿಲ್ಲ. 2023ರಲ್ಲಿ ಹೊಸ ರೂಪ ಪಡೆದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ ಅಸ್ತಮಾ, ಸಿಒಪಿಡಿ ಎರಡೂ ಸೇರಿವೆ. ಹಾಗಾಗಿ ಇದು ಯಾರ ವಿಭಾಗಕ್ಕೆ ಬರುತ್ತದೆ ಅನ್ನುವ ಪ್ರಶ್ನೆಯೂ ಏಳಬಾರದು.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಯಂತ್ರ ಸ್ಪೈರೋಮೀಟರ್ ಇಡಿ ಅಂದರೆ ಅದಕ್ಕೆ ತರಬೇತಿ, ರಿಪೇರಿ ಅಂತ ದೊಡ್ಡ ಕಥೆ. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ ಪೀಕ್ ಫ್ಲೋ ಮೀಟರ್ ಹಾಗಲ್ಲ. ಅಂಗೈ ಉದ್ದದ ಪ್ಲಾಸ್ಟಿಕ್ ಕೊಳವೆ, ಕೆಲವು ನೂರು ರೂಪಾಯಿ, ಕರೆಂಟು ಬೇಡ. ನಿಂತುಕೊಂಡು ಪೂರ್ತಿ ಉಸಿರೆಳೆದು, ತುಟಿ ಬಿಗಿ ಹಿಡಿದು, ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮುಳ್ಳು ಒಂದು ಅಂಕಿಗೆ ಹೋಗಿ ನಿಲ್ಲುತ್ತದೆ. ಮೂರು ಸಲ ಊದಿ ಜಾಸ್ತಿ ಬಂದದ್ದನ್ನು ಬರೆದುಕೊಳ್ಳುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಎರಡು ವಾರ. ಬೆಳಿಗ್ಗೆ ಸಂಜೆಯ ಅಂಕಿಗಳ ನಡುವಿನ ವ್ಯತ್ಯಾಸ ದಿನಕ್ಕೆ ಸರಾಸರಿ ಶೇ 10 ಮೀರಿದರೆ ಅಸ್ತಮಾದ ಅನುಮಾನ ಗಟ್ಟಿಯಾಗುತ್ತದೆ. ನನಗನಿಸುವುದು, ಉಬ್ಬಸದ ಹಿನ್ನೆಲೆ ಇರುವ ಹೆಂಗಸಿಗೆ ಹಾರ್ಮೋನ್ ಶುರು ಮಾಡುವ ಮುಂಚೆ ಎರಡು ವಾರ, ಶುರು ಮಾಡಿದ ಮೇಲೆ ಮೂರು ತಿಂಗಳು ಹೀಗೆ ಊದಿ ಬರೆಸಿದರೆ ಊಹೆಯ ಮೇಲೆ ಮಾತಾಡಬೇಕಾಗಿಲ್ಲ. ಯುರೋಪಿನ ಸರಾಸರಿ ಏನೇ ಹೇಳಲಿ, ಈ ಹೆಂಗಸಿನ ಶ್ವಾಸನಾಳ ಏನು ಹೇಳುತ್ತದೆ ಅನ್ನುವುದು ಅವಳದೇ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಅಂಕಿ ಇಳಿಯುತ್ತಾ ಹೋದರೆ ಪ್ರಮಾಣ ಬದಲಿಸುವುದೋ, ಬೇರೆ ರೂಪದಲ್ಲಿ ಕೊಡುವುದೋ, ಪಂಪು ಹೆಚ್ಚಿಸುವುದೋ, ಹಾರ್ಮೋನ್ ಬಿಡುವುದೋ ಅನ್ನುವುದು ನಿಮ್ಮ ಕೆಲಸ.

ಇನ್ನೊಂದು ದಾರಿ ಇದ್ದೂ ಇಲ್ಲದ ಹಾಗಿದೆ. ಔಷಧಿಯ ಅಡ್ಡಪರಿಣಾಮ ವರದಿ ಮಾಡಲು 2010ರಿಂದ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ನಡೆಯುತ್ತಿದೆ. 1800-180-3024 ಅನ್ನುವ ಉಚಿತ ಸಂಖ್ಯೆಗೆ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಮಾತ್ರವಲ್ಲ, ರೋಗಿಯೇ ಕರೆ ಮಾಡಬಹುದು. ಹಾರ್ಮೋನ್ ಶುರುವಾದ ಮೇಲೆ ಹೊಸದಾಗಿ ಉಬ್ಬಸ ಬಂದರೆ ಅದನ್ನೂ ವರದಿ ಮಾಡಬೇಕು. ಮಾತ್ರೆಯೇ ಕಾರಣ ಅಂತ ಸಾಬೀತು ಮಾಡುವ ಹೊಣೆ ವರದಿ ಮಾಡುವವರದಲ್ಲ. ಅನುಮಾನ ಇದ್ದರೆ ಸಾಕು. ನಮ್ಮ ಹೆಂಗಸರ ಲೆಕ್ಕ ಹೀಗಲ್ಲದೆ ಎಲ್ಲಿಂದ ಬರಬೇಕು? ಡೆನ್ಮಾರ್ಕ್‌ನವರು ಬಂದು ಬರೆದುಕೊಡುವುದಿಲ್ಲ.

ಈ ಪತ್ರ ಓದುತ್ತಿರುವ ಅಕ್ಕತಂಗಿಯರಿಗೆ ಎರಡು ಮಾತು. ಇದನ್ನು ಓದಿ ನಾಳೆಯೇ ಹಾರ್ಮೋನ್ ಮಾತ್ರೆ ನಿಲ್ಲಿಸಬೇಡಿ. ಪಂಪನ್ನಂತೂ ಯಾವ ಕಾರಣಕ್ಕೂ ನೀವಾಗಿ ಬಿಡಬೇಡಿ. ಹಾರ್ಮೋನ್ ಯಾವ ದಿನ ಶುರುವಾಯಿತು ಅಂತ ಸ್ಟ್ರಿಪ್ಪಿನ ಡಬ್ಬಿ ಮೇಲೆ ಬರೆದಿಡಿ. ಉಬ್ಬಸ ಯಾವ ದಿನ ಶುರುವಾಯಿತು ಅಂತಲೂ ಬರೆದಿಡಿ. ಡಾಕ್ಟರ ಹತ್ತಿರ ಹೋಗುವಾಗ ಆ ಪ್ಲಾಸ್ಟಿಕ್ ಕವರನ್ನು ಪೂರ್ತಿ ತಗೊಂಡು ಹೋಗಿ, ಮೇಲಿನ ಚೀಟಿ ಮಾತ್ರ ಅಲ್ಲ. ಸ್ತ್ರೀರೋಗ ತಜ್ಞರ ಹತ್ತಿರ ದಮ್ಮಿನ ಮಾತು ಆಡಬಹುದು. ಶ್ವಾಸಕೋಶ ತಜ್ಞರ ಹತ್ತಿರ ಮುಟ್ಟಿನ ಮಾತು ಆಡಬಹುದು, ಗಂಡಸು ಡಾಕ್ಟರ್ ಆದರೂ ಸರಿ. ನಾಚಿಕೆಯಾದರೆ ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಿ.

ನಮ್ಮಂಥ ಅಂಗಡಿಯವರು ಮಾಡಬಹುದಾದದ್ದೂ ಇದೆ. ಹಾರ್ಮೋನ್ ಮತ್ತು ಪಂಪು ಎರಡೂ ಕೊಳ್ಳುವವರ ಚೀಟಿಯ ಹಿಂದೆ ನಾನು ‘ಇನ್ನೊಂದು ಔಷಧಿಯೂ ನಡೆಯುತ್ತಿದೆ, ದಯವಿಟ್ಟು ಗಮನಿಸಿ’ ಅಂತ ಕನ್ನಡದಲ್ಲಿ ಬರೆದು ಸೀಲ್ ಒತ್ತಿ ಕಳಿಸುತ್ತೇನೆ. ಒಬ್ಬ ಡಾಕ್ಟರ್ ಅದನ್ನು ನೋಡಿ ‘ಇವರ‍್ಯಾರು ನನಗೆ ಹೇಳೋಕೆ’ ಅಂದರಂತೆ. ಇನ್ನೊಬ್ಬರು ಫೋನ್ ಮಾಡಿ ಯಾವ ಮಾತ್ರೆ, ಎಷ್ಟು ದಿನದಿಂದ ಅಂತ ವಿಚಾರಿಸಿಕೊಂಡರು. ಎರಡನೆಯವರ ಸಂಖ್ಯೆ ಹೆಚ್ಚಲಿ ಅಂತ ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದೇನೆ.

ಆಯುಕ್ತರೇ, ನನಗೆ ಪ್ರತ್ಯೇಕ ಉತ್ತರ ಬೇಡ. ಆಶಾ ಕಾರ್ಯಕರ್ತೆಯರ ಮುಂದಿನ ತರಬೇತಿಗೆ ಸುತ್ತೋಲೆ ಹೊರಡಿಸುವಾಗ ಮುಟ್ಟು ಮತ್ತು ಹಾರ್ಮೋನಿನ ಆ ಸಾಲನ್ನು ಸೇರಿಸಿ. ಜೊತೆಗೆ ತಾಲ್ಲೂಕು ಆಸ್ಪತ್ರೆಗಳ ಖರೀದಿ ಪಟ್ಟಿಯಲ್ಲಿ ಪೀಕ್ ಫ್ಲೋ ಮೀಟರ್ ಇದೆಯಾ ಅಂತ ಒಮ್ಮೆ ನೋಡಿಸಿ. ಇಲ್ಲದಿದ್ದರೆ ಈ ಆರ್ಥಿಕ ವರ್ಷದಲ್ಲೇ ಸೇರಿಸಿ.

ಇಂತಿ,
ಒಬ್ಬ ಫಾರ್ಮಸಿಸ್ಟ್,
ದಾವಣಗೆರೆ